ಬೆನ್ನ ಹಿಂದೆ ಕೇಳಿದ ಗಂಟೆ

ಕಬಿನಿಯಲ್ಲಿ ಜೀಪಿನೊಳಗೆ ಕೂತು ಚಿರತೆಯ ಫೋಟೋ ತೆಗೆದು ರೂಢಿಯಾಗಿದ್ದ ನಾನು ಜಪಾನಿಗೆ ಬಂದ ಮೇಲೆ ಪ್ರಾಣಿಗಳನ್ನು ಕಾಲ್ನಡಿಗೆಯಲ್ಲೇ ಹುಡುಕಬೇಕಾಯಿತು. ನನ್ನ ಗಂಡನ ಕೆಲಸ ಸಗಮಿಹಾರಾದಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಹೋಗುವ ಬಸ್ಸು ಹತ್ತಿದರೆ ಕೊನೆಯ ಸ್ಟಾಪಿನಲ್ಲೇ ಬೆಟ್ಟ ಶುರುವಾಗುತ್ತದೆ. ರಜೆ ಸಿಕ್ಕಾಗ ಇಬ್ಬರೂ ಹೋಗುತ್ತಿದ್ದೆವು, ಅವರು ನಡೆಯುವ ಆಸೆಗೆ, ನಾನು ಕ್ಯಾಮೆರಾದ ಆಸೆಗೆ.

ನಾನು ಹುಡುಕುತ್ತಿದ್ದದ್ದು ಕಾಮೋಶಿಕಾ ಎಂಬ ಪ್ರಾಣಿಯನ್ನು. ಮೇಕೆಯ ಮುಖ, ಗಿಡ್ಡ ಕೊಂಬು, ಬೂದು ಬಣ್ಣದ ದಟ್ಟ ಕೂದಲು. ಮನುಷ್ಯರನ್ನು ಕಂಡರೆ ಓಡದೆ ನಿಂತು ದಿಟ್ಟಿಸುತ್ತದೆ ಎಂದು ಕೇಳಿದ್ದೆ.

ಶರತ್ಕಾಲದ ಒಂದು ಬೆಳಿಗ್ಗೆ, ಹಳ್ಳದ ಬಳಿ ನನ್ನ ಗಂಡ ಮುಖ ತೊಳೆಯಲು ನಿಂತರು. "ನೀನ್ ಹೋಗ್ತಿರು, ಬಂದ್ಬಿಡ್ತೀನಿ" ಎಂದರು. ಊಟದ ಬ್ಯಾಗು ನನ್ನ ಹೆಗಲಲ್ಲಿತ್ತು. ಅದಕ್ಕೊಂದು ಸಣ್ಣ ಗಂಟೆ ಕಟ್ಟಿದ್ದೆವು. ಆ ಕಡೆ ಕರಡಿಗಳಿವೆ. ಸದ್ದು ಕೇಳಿದರೆ ದೂರ ಸರಿಯುತ್ತವೆ ಎಂದು ಎಲ್ಲರೂ ಹಾಗೆ ಕಟ್ಟಿಕೊಳ್ಳುತ್ತಾರೆ.

ಸ್ವಲ್ಪ ಮೇಲೇರಿದಾಗ ಮರಗಳ ನಡುವೆ ಕಾಮೋಶಿಕಾ ಕಂಡಿತು. ಬ್ಯಾಗನ್ನು ಸದ್ದಿಲ್ಲದೆ ದಾರಿಯಲ್ಲಿಟ್ಟು, ಕ್ಯಾಮೆರಾ ಮಾತ್ರ ಹಿಡಿದು ಮರಗಳೊಳಗೆ ನುಸುಳಿ ಮಂಡಿಯೂರಿದೆ. ಅದು ಕದಲಲಿಲ್ಲ. ಹಕ್ಕಿಗಳ ದನಿಯೂ ಇರಲಿಲ್ಲ. ನೆಟ್ಟು ಬೆಳೆಸಿದ ಆ ಮರಗಳ ಸಾಲಿನೊಳಗೆ ಹಗಲಲ್ಲೂ ಬೆಳಕು ಮಂಕಾಗಿತ್ತು.

ಹಿಂದೆ ಗಂಟೆ ಸದ್ದಾಯಿತು. ಇವರು ಬ್ಯಾಗು ಎತ್ತಿಕೊಂಡು ಬಂದರು ಎಂದುಕೊಂಡೆ.

"ರೀ, ಅಲ್ಲೇ ನಿಲ್ಲಿ. ಓಡ್ಹೋಗುತ್ತೆ" ಎಂದೆ, ತಿರುಗದೆ, ಪಿಸುದನಿಯಲ್ಲಿ.

ಗಂಟೆ ನಿಂತಿತು. ಮಾತು ಕೇಳಿದರಲ್ಲ ಎಂದು ಸಮಾಧಾನವಾಗಿ ಫೋಟೋ ತೆಗೆಯುತ್ತಲೇ ಇದ್ದೆ. ಹಿಂದೆ ಯಾರೋ ಮೂಗಿನಿಂದ ಜೋರಾಗಿ ಉಸಿರುಬಿಟ್ಟಂತಾಯಿತು. ಏರು ಹತ್ತಿದ ಸುಸ್ತು ಎಂದುಕೊಂಡೆ. ಒಣಗಿದ ಎಲೆಗಳ ಮೇಲೆ ಮೆಲ್ಲಗೆ, ಭಾರವಾಗಿ, ಏನೋ ಸರಿದುಹೋಯಿತು, ಜೊತೆಗೆ ಗಂಟೆ ಒಮ್ಮೆ ಸಣ್ಣಗೆ ಕಿಣಿಗುಟ್ಟಿತು.

ಆಗ ನನ್ನ ಗಂಡನ ದನಿ ಕೇಳಿಸಿತು. ಎದುರಿನಿಂದ, ಬೆಟ್ಟದ ಮೇಲಿನಿಂದ.

"ಎಲ್ಲಿದ್ದೀಯ? ನಾನ್ ಇನ್ನೊಂದು ರೂಟಲ್ಲಿ ಬಂದೆ. ಮೇಲಿದ್ದೀನಿ ನೋಡು."

ತಿರುಗಲು ಧೈರ್ಯ ಬರಲಿಲ್ಲ. ಕಾಮೋಶಿಕಾ ನೆಗೆದು ಮರೆಯಾಯಿತು. ಕೊನೆಗೂ ತಿರುಗಿದೆ. ಮರಗಳ ಸಾಲು ಬಿಟ್ಟರೆ ಏನೂ ಇರಲಿಲ್ಲ.

"ಮಾತಾಡ್ತಾ ಬನ್ನಿ, ಜೋರಾಗಿ" ಎಂದು ಕೂಗಿದೆ. ಏಕೆಂದು ಕೇಳದೆ ಅವರು ಹಾಗೇ ಮಾಡಿದರು. ನನ್ನ ದನಿಯೇ ಎಲ್ಲ ಹೇಳಿತ್ತಂತೆ.

ಬ್ಯಾಗು ಇಟ್ಟಲ್ಲಿರಲಿಲ್ಲ. ನಾನು ಕೂತಿದ್ದ ಜಾಗದ ಆಚೆ ಪಕ್ಕದಲ್ಲಿ, ಪೊದೆಯ ಬುಡದಲ್ಲಿ ಸಿಕ್ಕಿತು. ಬ್ಯಾಗಿನ ಬಟ್ಟೆ ಉದ್ದಕ್ಕೆ ಸೀಳಿಹೋಗಿತ್ತು. ಪುಳಿಯೋಗರೆ ಡಬ್ಬಿಯ ಮುಚ್ಚಳದಲ್ಲಿ ಹಲ್ಲಿನ ತೂತುಗಳಿದ್ದವು, ಒಳಗೆ ಒಂದು ಅಗುಳೂ ಉಳಿದಿರಲಿಲ್ಲ. ಚಪ್ಪಾಳೆ ತಟ್ಟುತ್ತಾ, ಬಾಯಿಗೆ ಬಂದದ್ದು ಮಾತಾಡುತ್ತಾ ಕೆಳಗಿಳಿದೆವು. ಬಸ್ ಸ್ಟಾಪಿನ ಬಳಿಯ ಅಂಗಡಿಯ ಹೆಂಗಸಿಗೆ ಹರಿದ ಬ್ಯಾಗು ತೋರಿಸಿದಾಗ ಆಕೆ ತಕ್ಷಣ ಪೊಲೀಸರಿಗೆ ಫೋನು ಮಾಡಿದರು. ಆ ದಾರಿಯನ್ನು ಅಂದೇ ಮುಚ್ಚಿದರು.

ಮನೆಗೆ ಬಂದು ಫೋಟೋಗಳನ್ನು ಲ್ಯಾಪ್‌ಟಾಪಿಗೆ ಹಾಕಿದೆ. ಒಂದೊಂದೂ ಚೆನ್ನಾಗಿಯೇ ಬಂದಿತ್ತು. ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಪರದೆಯ ಹತ್ತಿರಕ್ಕೆ ಬಗ್ಗಿದರು. "ಮತ್ತೆ ಮೊದಲಿಂದ ಬೇಗ ಬೇಗ ಓಡಿಸು" ಎಂದರು. ಓಡಿಸಿದೆ.

ಕಾಮೋಶಿಕಾ ನನ್ನನ್ನು ನೋಡುತ್ತಲೇ ಇರಲಿಲ್ಲ. ಅದರ ದೃಷ್ಟಿ ನನ್ನ ಭುಜದ ಆಚೆಗಿತ್ತು. ಫೋಟೋದಿಂದ ಫೋಟೋಗೆ ಮುಖ ಕೊಂಚ ಕೊಂಚವೇ ತಿರುಗುತ್ತಾ, ನನ್ನ ಎಡದಿಂದ ಬಲಕ್ಕೆ ದಾಟಿದ ಯಾವುದನ್ನೋ ಹಿಂಬಾಲಿಸಿತ್ತು. ನಡುವೆ ಒಂದಷ್ಟು ಫೋಟೋಗಳಲ್ಲಿ ಮುಖ ಅಲುಗಿರಲಿಲ್ಲ. ಆಗ ಕರಡಿ ನೇರ ನನ್ನ ಬೆನ್ನ ಹಿಂದೆ ನಿಂತಿತ್ತು.

ಆ ರಾತ್ರಿ ಇಬ್ಬರೂ ಲೈಟು ಆರಿಸದೆ ಮಲಗಿದೆವು. ಆ ಫೋಟೋಗಳನ್ನು ಯಾರಿಗೂ ಕಳಿಸಿಲ್ಲ, ಅಳಿಸಿಯೂ ಇಲ್ಲ. ವಸಂತದಲ್ಲಿ ಮತ್ತೆ ಬೇರೆ ಬೆಟ್ಟಕ್ಕೆ ಹೋದೆವು. ನಾನು ಕ್ಯಾಮೆರಾ ಹಿಡಿದು ಕೂತರೆ ಅವರು ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತು ಆಫೀಸಿನ ಸುದ್ದಿಯೆಲ್ಲ ಹೇಳುತ್ತಾರೆ. ಆ ಮಾತಿಗೆ ಪ್ರಾಣಿಗಳು ಓಡಿಹೋಗುತ್ತವೆ. ಹೋಗಲಿ ಎಂದುಕೊಂಡು "ಆಮೇಲೆ?" ಎನ್ನುತ್ತೇನೆ.