ಮುನಿಯಪ್ಪನ ವಿಸಿಟರ್

ಶನಿವಾರ ಬೆಳಿಗ್ಗೆ ಪೇಂಟರ್ ಮಂಜಣ್ಣ ದೇವರ ಕೋಣೆಯಿಂದ ಕೂಗಿದರು. "ಸಾರ್, ಈ ಬಾಗ್ಲಲ್ಲಿ ಏನ್ ಸಾರ್ ಇಷ್ಟೊಂದು ಸ್ಟಿಕ್ಕರ್? ಕೆರೆದು ಹಾಕ್ಲಾ?"

ಕಾಫಿ ಲೋಟ ಹಿಡಿದುಕೊಂಡೇ ಓಡಿದೆ. ಮಂಜಣ್ಣ ಬಾಗಿಲಿನ ಒಳಮೈಗೆ ಕೆರೆಯುವ ತಗಡು ಆನಿಸಿ ನನ್ನ ಒಪ್ಪಿಗೆಗೆ ಕಾಯುತ್ತಿದ್ದರು. ಮೊಣಕಾಲಿನ ಎತ್ತರದಿಂದ ಶುರುವಾಗಿ ಒಬ್ಬ ಕುಳ್ಳಗಿನ ಮುದುಕಿಯ ಕೈ ಎಟುಕುವವರೆಗೂ, ಸಾಲಿಗೆ ಎಂಟರಂತೆ, ಬಾಗಿಲ ತುಂಬ ಬಿಳಿ ಚೀಟಿಗಳು. ಆಫೀಸುಗಳ ಗೇಟಿನಲ್ಲಿ ಹೊರಗಿನವರ ಎದೆಗೆ ಅಂಟಿಸುತ್ತಾರಲ್ಲ, ಅಂಥ ವಿಸಿಟರ್ ಸ್ಟಿಕ್ಕರ್‌ಗಳು. ಆ ಕಾಗದದ ಮೇಲಿನ ಅಚ್ಚು ಬಹಳ ದಿನ ನಿಲ್ಲುವುದಿಲ್ಲ. ಕೆಳಗಿನ ಸಾಲುಗಳೆಲ್ಲ ಬಿಳಿಚಿ ಖಾಲಿಯಾಗಿವೆ. ಮೇಲೆ ಬಂದಂತೆ ಒಂದು ಮುಖ ಮಸುಕು ಮಸುಕಾಗಿ ಕಾಣತೊಡಗುತ್ತದೆ. ಕೊನೆಯ ಸಾಲಿನಲ್ಲಿ ಸ್ಪಷ್ಟವಾಗಿಯೇ ಇದೆ: ತಲೆಯ ಮೇಲೆ ಸೆರಗು, ಹಣೆಯಲ್ಲಿ ಕಾಸಿನಗಲ ಕುಂಕುಮ, ಕ್ಯಾಮೆರಾ ಬಿಟ್ಟು ಬೇರೆಲ್ಲೋ ನೋಡುತ್ತ ನಗುವ ನಮ್ಮ ಅಜ್ಜಿ. ಮುಖದ ಕೆಳಗೆ ಇಂಗ್ಲಿಷಿನಲ್ಲಿ "ಟು ಮೀಟ್: ಮುನಿಯಪ್ಪ". ಆ ಸಾಲಿನಲ್ಲಿ ನಾಲ್ಕೇ ಇವೆ. ಆಮೇಲೆ ಬರೀ ಬಾಗಿಲು.

"ಇದೊಂದು ಬಿಡಿ ಮಂಜಣ್ಣ. ಸೋಮವಾರ ಹೇಳ್ತೀನಿ."

"ಸ್ಟಿಕ್ಕರ್ ಕೀಳೋಕೂ ಮುಹೂರ್ತ ನೋಡ್ತಾರೆ ಅಂತ ಗೊತ್ತಿರ್ಲಿಲ್ಲ ಸಾರ್" ಎಂದು ನಕ್ಕು ಅವರು ಅಡುಗೆಮನೆಯ ಗೋಡೆಗೆ ಹೋದರು.

ಮುಹೂರ್ತದ ಮಾತಲ್ಲ. ಆ ನಾಲ್ಕರ ನಂತರದ ಐದನೆಯದನ್ನು ಅಂಟಿಸಬೇಕಾದವನು ನಾನು. ಅಜ್ಜಿಗೆ ಮಾತು ಕೊಟ್ಟಿದ್ದೆ. ಅವಳು ತೀರಿಕೊಂಡು ಒಂದೂವರೆ ವರ್ಷವಾಯಿತು, ನಾನು ಒಂದು ಸೋಮವಾರವೂ ಮುನಿಯಪ್ಪನ ಹತ್ತಿರ ಹೋಗಿರಲಿಲ್ಲ. ಶಿಫ್ಟು, ಮಳೆ, ರಸ್ತೆ ಅಗೆದಿದ್ದಾರೆ, ಹಲ್ಲುನೋವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ನೆಲದ ಡೊಂಕುಗಳ ಪಟ್ಟಿ ಇನ್ನೂ ಉದ್ದವಿದೆ, ನಿಮಗೆ ಬೇಸರವಾದೀತು.

ಮುನಿಯಪ್ಪ ಅಂದರೆ ನಮ್ಮ ಮನೆದೇವರು, ಮುನೇಶ್ವರ ಸ್ವಾಮಿ. ಸರ್ಜಾಪುರದ ಕಡೆಯ ನಮ್ಮ ಹೊಲದಲ್ಲಿ, ಬೇವಿನ ಮರದ ಕೆಳಗೆ, ಕಣ್ಣು ಮೂಗು ಏನೂ ಇಲ್ಲದ ಒಂದು ಗುಂಡುಕಲ್ಲು. ನಮ್ಮ ವಂಶದಲ್ಲಿ ಯಾರಿಗೆ ಹೆಸರಿಡಬೇಕಾದರೂ ಅವನನ್ನು ಬಿಡುವ ಹಾಗಿಲ್ಲ. ತಾತ ಮುನಿಸ್ವಾಮಪ್ಪ, ಅಪ್ಪ ಮುನಿರಾಜು, ಚಿಕ್ಕಪ್ಪ ಮುನಿಕೃಷ್ಣ, ಅತ್ತೆ ಮುನಿಲಕ್ಷ್ಮಿ. ಮನೆಯ ಬಾಗಿಲಲ್ಲಿ ನಿಂತು "ಮುನೀ" ಎಂದು ಕೂಗಿದರೆ ಹಟ್ಟಿಯಲ್ಲಿದ್ದವರೆಲ್ಲ ಎದ್ದು ಬರುತ್ತಿದ್ದರು. ನನ್ನ ಹೆಸರಿನಲ್ಲೂ ಒಂದು ಮುನಿ ಇದೆ. ಆಫೀಸಿನಲ್ಲಿ ಅದನ್ನು ಮಡಚಿ ಬರೀ "ಎಂ." ಮಾಡಿಟ್ಟಿದ್ದೇನೆ, ಅಜ್ಜಿಗೆ ಅದು ಕೊನೆಯವರೆಗೂ ಗೊತ್ತಾಗಲಿಲ್ಲ.

ಆ ಹೊಲದಲ್ಲಿ ಈಗ ಗಾಜಿನ ಕಟ್ಟಡಗಳಿವೆ. ಜಮೀನು ಕೊಡುವಾಗ ಮನೆಯವರೆಲ್ಲ ಏನೇನೋ ಕೇಳಿದರು, ಅಜ್ಜಿ ಕೇಳಿದ್ದು ಒಂದೇ: "ನಮ್ಮ ಮುನಿಯಪ್ಪನ್ನ ಕದಲಿಸ್ಬಾರ್ದು." ಕೊಂಡ ಕಂಪನಿಯವರೂ ಒಳ್ಳೆಯ ಜನ, ಒಪ್ಪಿದರು. ಹೀಗಾಗಿ ಆ ಕ್ಯಾಂಪಸ್ಸಿನ ಪಾರ್ಕಿಂಗಿನ ಹಿಂದೆ, ಜನರೇಟರ್ ಪಕ್ಕದಲ್ಲಿ, ಬೇವಿನ ಮರ ಮತ್ತು ಕಲ್ಲು ಇದ್ದಲ್ಲೇ ಇವೆ. ತೊಡಕು ಇದ್ದದ್ದು ಗೇಟಿನಲ್ಲಿ. ದೇವರು ಒಳಗೆ, ಭಕ್ತೆ ಹೊರಗೆ. ಪ್ರತಿ ಸೋಮವಾರ ಅಲ್ಲಿ ದೀಪ ಹಚ್ಚುತ್ತಿದ್ದ ಅಜ್ಜಿ, ಎಂಬತ್ತು ದಾಟಿದ ಮೇಲೆ ತನ್ನ ಹೊಲಕ್ಕೇ ವಿಸಿಟರ್ ಆದಳು.

ಗೇಟಿನಲ್ಲಿ ಕಂಪ್ಯೂಟರು ಕೂರಿಸಿದ ಮೊದಲ ಸೋಮವಾರ ನಾನು ಜೊತೆಗಿದ್ದೆ. ಸೆಕ್ಯುರಿಟಿಯ ದಿಲೀಪ್ ಒಡಿಶಾದವನು, ನಲವತ್ತು ದಾಟಿದವನು, ದೊಡ್ಡ ಮೀಸೆ, ಸಣ್ಣ ದನಿ. "ಅಜ್ಜಿ, ಯಾರು ನೋಡ್ಬೇಕು?" ಎಂದ.

"ಮುನಿಯಪ್ಪನ್ನ."

"ಯಾವ ಫ್ಲೋರು?"

"ಫ್ಲೋರೂ ಇಲ್ಲ ಏನೂ ಇಲ್ಲ. ನೆಲದ ಮ್ಯಾಗೇ ಕುಂತವ್ನೆ ಕಣಪ್ಪ, ಬೇವಿನ ಮರದ ತಾವ."

ಕಂಪ್ಯೂಟರಿಗೆ ಅಷ್ಟು ಸಾಲದು. ಯಾರನ್ನು ಕಾಣಬೇಕೋ ಅವರ ಮೊಬೈಲ್ ನಂಬರ್ ಬೇಕು, ಅದಕ್ಕೆ ಓಟಿಪಿ ಹೋಗಬೇಕು, ಅವರು ಒಪ್ಪಬೇಕು. ದೇವರ ನಂಬರನ್ನು ಎಲ್ಲಿಂದ ತರುವುದು? ದಿಲೀಪ್ ಒಂದು ಗಳಿಗೆ ತಲೆ ಕೆರೆದುಕೊಂಡು ತನ್ನದೇ ನಂಬರ್ ಒತ್ತಿದ. ಅವನ ಜೇಬಿನಲ್ಲಿ ಫೋನು ಗುಂಯ್ ಎಂದಿತು. ತೆಗೆದು ನೋಡಿ, ಬಹಳ ಗಂಭೀರವಾಗಿ ಹೇಳಿದ: "ಮುನಿಯಪ್ಪ ಅಪ್ರೂವ್ ಮಾಡಿದ್ರು ಅಜ್ಜಿ. ಒಳಗೆ ಹೋಗಿ."

ಅಜ್ಜಿ ಕೈ ಮುಗಿದಳು. ಯಾರಿಗೆ ಮುಗಿದಳೋ, ನನಗೆ ಇವತ್ತಿಗೂ ತಿಳಿಯದು.

ಐಡಿ ಪ್ರೂಫಿಗೆಂದು ಆಧಾರ್ ಕಾರ್ಡು ಸೆರಗಿನ ಗಂಟಿನಲ್ಲೇ ಇರುತ್ತಿತ್ತು. ಅದರಲ್ಲಿ ಅವಳ ಹುಟ್ಟಿದ ದಿನ ಜನವರಿ ಒಂದು. ಹುಟ್ಟಿದ್ದು ರಾಗಿ ಕೊಯ್ಲಿನ ಕಾಲ ಎಂಬುದಷ್ಟೇ ಅವಳಿಗೆ ಗೊತ್ತಿದ್ದದ್ದು, ಉಳಿದದ್ದನ್ನು ಕಾರ್ಡು ಮಾಡಿದವರು ತುಂಬಿಕೊಂಡಿದ್ದರು. ಹೊಸ ವರ್ಷಕ್ಕೆ ಸುತ್ತಲಿನ ಅಪಾರ್ಟ್‌ಮೆಂಟುಗಳಲ್ಲಿ ಪಟಾಕಿ ಹೊಡೆದರೆ, "ನನ್ನ ಉಟ್ಟಿದಬ್ಬಕ್ಕೆ ಊರೋರು ಎಷ್ಟ್ ಖುಸಿ ಪಡ್ತಾರೆ ನೋಡು" ಅನ್ನುವಳು. ತಮಾಷೆಗೆ ಹೇಳುತ್ತಾಳೆಂದು ನಾವು ನಗುತ್ತಿದ್ದೆವು. ಅರ್ಧ ನಂಬಿಯೂ ಇದ್ದಳೆಂದು ನನ್ನ ಗುಮಾನಿ.

ಸ್ಟಿಕ್ಕರನ್ನು ಕಸಕ್ಕೆ ಹಾಕಲು ಅವಳಿಗೆ ಮನಸ್ಸು ಬರಲಿಲ್ಲ. ದೇವರ ಹೆಸರಿರುವ ಚೀಟಿಯನ್ನು ಗುಡಿಸುವುದುಂಟೇ? ದೇವರ ಕೋಣೆಯ ಬಾಗಿಲಿಗೆ ಬಗ್ಗಿ ಅಂಟಿಸಿದಳು. "ಅಷ್ಟು ಕೆಳಗ್ಯಾಕಜ್ಜಿ? ನಡ ನೋಯಲ್ವಾ?" ಎಂದೆ.

"ಮೇಲೆ ಜಾಗ ಇರ್ಲಿ ಕಣೋ, ಬೇಕಾಯ್ತದೆ."

ಅವಳ ಭಕ್ತಿ ಒಂಟಿಯಾಗಿ ಕಣ್ಮುಚ್ಚಿ ಕೂರುವಂಥದ್ದಲ್ಲ. ಹುರಿದ ಅಕ್ಕಿಯ ಹಿಟ್ಟಿಗೆ ಬೆಲ್ಲ ಕಲಸಿ ತಂಬಿಟ್ಟು ಮಾಡಿ, ಅದರಲ್ಲೇ ಗುಳಿ ಮಾಡಿ ತುಪ್ಪದ ದೀಪ ಹಚ್ಚಿ, ಆರಿದ ಮೇಲೆ ಆ ತಂಬಿಟ್ಟನ್ನು ಮನೆಮಂದಿಯ ಲೆಕ್ಕಕ್ಕೆ ಉಂಡೆ ಕಟ್ಟುವಳು. ಒಬ್ಬರ ಉಂಡೆ ಉಳಿದರೂ ಪೂಜೆ ಮುಗಿಯಲಿಲ್ಲವೆಂದೇ ಅರ್ಥ. ಮೆಟ್ಟಿಲ ಮೇಲೆ ಮುನಿಸಿಕೊಂಡು ಕೂತವರು, ಬಾಡಿಗೆಗಿದ್ದ ಹುಡುಗಿಯರು, ದಿಲೀಪ್, ಎಲ್ಲರೂ ಆ ಲೆಕ್ಕದಲ್ಲಿ ಸೇರಿದವರೇ. ಒಮ್ಮೆ ನಾನು ಹೆಂಡತಿಯೊಡನೆ ಜಗಳವಾಡಿ ತಿಂಡಿಯನ್ನೂ ತಿನ್ನದೆ ಕೆಲಸಕ್ಕೆ ಹೋಗಿದ್ದೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ನಾನು ಕಟಿಂಗ್ ಸೂಪರ್‌ವೈಸರ್. ಹನ್ನೊಂದು ಗಂಟೆಗೆ ಗೇಟಿನಿಂದ ಕರೆ ಬಂತು. ಎರಡು ಬಸ್ಸು ಬದಲಿಸಿ ಅಜ್ಜಿ ಡಬ್ಬಿ ಹಿಡಿದು ನಿಂತಿದ್ದಾಳೆ! ನಮ್ಮ ಗೇಟಿನವನ ಮುಂದೆ ಎದೆ ಮುಂದೆ ಮಾಡಿ, "ಎಲ್ಲಿ, ಅಂಟಿಸಪ್ಪ" ಎನ್ನುತ್ತಿದ್ದಳು. ನಮ್ಮಲ್ಲಿ ಸ್ಟಿಕ್ಕರ್ ಪದ್ಧತಿ ಇಲ್ಲವೆಂದು ತಿಳಿದು ಮುಖ ಸಣ್ಣಗೆ ಮಾಡಿದಳು. ನನ್ನ ಕಂಪನಿಯ ಬಗ್ಗೆ ಅವಳಿಗಿದ್ದ ಗೌರವ ಅಂದೇ ಇಳಿಯಿತು. ನನಗೆ ನಾಚಿಕೆಯಾಗಿ, "ಹೋಗಜ್ಜಿ, ಸಂಜೆ ತಿಂತೀನಿ" ಎಂದು ಗದರಿದೆ. ಅವಳು ಕೇಳಿಸಿಕೊಳ್ಳದೆ ಅಲ್ಲೇ ಡಬ್ಬಿ ಬಿಚ್ಚಿದಳು. ಟೀ ಬ್ರೇಕಿನ ಹೊತ್ತು. ಕಟಿಂಗ್ ಸೆಕ್ಷನ್ನಿನ ಹೆಂಗಸರೆಲ್ಲ ಬಂದು ತಿಂದು, ಅಜ್ಜಿಯ ಕೆನ್ನೆ ಸವರಿ ಹೋದರು. ಅವತ್ತಿನಿಂದ ಅವರ ನಡುವೆ ನನ್ನ ಹೆಸರು "ತಂಬಿಟ್ಟು ಸಾರ್".

ಕಣ್ಣಿನ ಪೊರೆಯ ಆಪರೇಷನ್ ಆದಾಗ ಎರಡು ಸೋಮವಾರ ಅವಳು ಮನೆ ಬಿಡುವ ಹಾಗಿರಲಿಲ್ಲ. ದೀಪ ತಪ್ಪೀತೆಂದು ಚಡಪಡಿಸಿದಳು. ನಾನು ದಿಲೀಪನಿಗೆ ಫೋನು ಮಾಡಿ, ಬೇವಿನ ಮರದ ಹತ್ತಿರದ ಕಲ್ಲಿಗೆ ಅರಿಶಿನ ಕುಂಕುಮ ಇಟ್ಟು ದೀಪ ಹಚ್ಚಲು ಹೇಳಿದೆ. ಸುಲಭದ ಕೆಲಸ ನೋಡಿ. ಮೂರನೆಯ ಸೋಮವಾರ ಕಪ್ಪು ಕನ್ನಡಕ ಹಾಕಿಕೊಂಡು ಅಜ್ಜಿ ಹೊರಟಳು, ಕೈ ಹಿಡಿದು ನಾನೂ ಹೋದೆ. ಮರದಡಿ ಮುನಿಯಪ್ಪ ಒಣಗಿಕೊಂಡು ಕೂತಿದ್ದಾನೆ, ಒಂದು ಚಿಟಿಕೆ ಅರಿಶಿನವೂ ಇಲ್ಲ! ಎರಡು ಮಾರು ಆಚೆಗಿದ್ದ ಸರ್ವೆ ಕಲ್ಲಿಗೆ ಮಾತ್ರ ಮೈ ತುಂಬ ಅರಿಶಿನ, ಮೂರು ಎಳೆ ಚೆಂಡುಹೂವು, ಎದುರಿಗೆ ಉರಿಯುವ ದೀಪ. ದಿಲೀಪನದ್ದು ತಪ್ಪೆನ್ನುವಂತಿಲ್ಲ. ಸರ್ವೆ ಕಲ್ಲು ನೆಟ್ಟಗೆ ನಿಂತಿದೆ, ನೆತ್ತಿಯ ಮೇಲೆ ಕೂಡು ಗುರುತು ಕೆತ್ತಿದ್ದಾರೆ. ನಮ್ಮ ಮುನಿಯಪ್ಪ ನೋಡಿದರೆ ಬರೀ ಗುಂಡುಕಲ್ಲು. ಎರಡರಲ್ಲಿ ಯಾವುದು ದೇವರೆಂದು ಕೇಳಿದರೆ ನೀವೂ ಅದನ್ನೇ ತೋರಿಸುತ್ತಿದ್ದಿರಿ.

ವಿಷಯ ತಿಳಿದು ದಿಲೀಪ್ ಕೆನ್ನೆ ಬಡಿದುಕೊಂಡ. "ಗಲ್ತಿ ಆಯ್ತು ಅಜ್ಜಿ, ಗಲ್ತಿ ಆಯ್ತು." ನಾನು ಬಾಟಲಿಯ ನೀರು ಹಾಕಿ ಸರ್ವೆ ಕಲ್ಲನ್ನು ತೊಳೆಯಲು ಹೊರಟೆ. ಅಜ್ಜಿ ನನ್ನ ಕೈ ಹಿಡಿದಳು. ನಗು ತಡೆಯಲಾರದೆ ಅವಳ ಮೈಯೆಲ್ಲ ಕುಲುಕುತ್ತಿತ್ತು.

"ಇಕ್ಕಿದ ಕುಂಕ್ಮ ಅಳಿಸ್ಬಾರ್ದು ಕಣೋ. ಆ ಕಲ್ಲು ನಿಮ್ಮ ತಾತ ಸರ್ವೆಯೋರ ಜೊತೆ ನಿಂತು ನೆಡ್ಸಿದ್ದು. ಬದುಕಿದ್ದಾಗ ಒಂದು ಸ್ವಾಮಾರನಾದ್ರೂ ಪೂಜೆಗೆ ಬಾ ಅಂದ್ರೆ ಬರ್ದೋರು, ಈಗ ನೋಡು, ಊವ ಮುಡ್ಕೊಂಡು ಎಂಗೆ ನಿಂತವ್ರೆ!"

ಆಮೇಲೆ ದಿಲೀಪನ ಕಡೆ ತಿರುಗಿ, "ಅಳ್ಬ್ಯಾಡ ಕಣಪ್ಪ. ದೇವ್ರಾದ್ರೇನು, ಮನೆ ಅಂದ್ಮ್ಯಾಲೆ ನಾಕು ಜನ ಇರ್ಬೇಕು. ಈಸು ವರ್ಸ ಮುನಿಯಪ್ಪ ಒಬ್ನೇ ಕುಂತಿದ್ದ" ಎಂದಳು. ಅಂದಿನಿಂದ ಎರಡು ದೀಪ, ಒಂದು ದೇವರಿಗೆ, ಒಂದು ತಾತನಿಗೆ. ತಾತನ ದೀಪಕ್ಕೆ ತುಪ್ಪ ಒಂದು ಹನಿ ಜಾಸ್ತಿ ಬೀಳುವುದನ್ನು ನಾನು ನೋಡಿಯೂ ನೋಡದಂತೆ ಇರುತ್ತಿದ್ದೆ.

ತೊಂಬತ್ತರ ಆಸುಪಾಸಿನಲ್ಲಿ, ಯಾರಿಗೂ ಭಾರವಾಗದೆ, ವಾರವೊಪ್ಪತ್ತು ಮಲಗಿ ಹೋದಳು. ಮಕ್ಕಳು ಮೊಮ್ಮಕ್ಕಳು ಮರಿಮಕ್ಕಳು ಸುತ್ತ ತುಂಬಿದ್ದರು. ಅಷ್ಟು ಜನರಲ್ಲಿ ನನ್ನನ್ನೇ ಹತ್ತಿರ ಕರೆದು, "ಸ್ವಾಮಾರ ತಪ್ಪಿಸ್ಬ್ಯಾಡ ಮಗ" ಎಂದಳು. "ಆಯ್ತಜ್ಜಿ" ಎಂದೆ. ತಿಥಿಗೆ ದಿಲೀಪ್ ಬಂದು ನಮ್ಮ ಜೊತೆ ಪಂಕ್ತಿಯಲ್ಲಿ ಕೂತು ಉಂಡು, ಕಣ್ಣೊರೆಸಿಕೊಂಡು ಹೋದ. ನಾನು ಆಡಿದ ಮಾತು ಮಾತ್ರ ಅಲ್ಲೇ ಉಳಿಯಿತು.

ಈ ಸೋಮವಾರ ಅರ್ಧ ದಿನ ರಜೆ ಹಾಕಿದೆ. ಹೆಂಡತಿ ನೆನಪಿನ ಮೇಲೆ ತಂಬಿಟ್ಟು ಮಾಡಿಕೊಟ್ಟಳು. ಕಲ್ಲಿನ ಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ಹೇಳಲಾಗದಷ್ಟು ಗಟ್ಟಿಯಾಗಿತ್ತು. ಗೇಟಿನಲ್ಲಿ ಅದೇ ಮೀಸೆ, ಈಗ ಸ್ವಲ್ಪ ನರೆತಿದೆ. ಒಂದೂವರೆ ವರ್ಷ ಎಲ್ಲಿದ್ದಿರಿ ಎಂದು ಕೇಳುತ್ತಾನೆಂದು ತಲೆ ತಗ್ಗಿಸಿ ನಿಂತೆ. ಅವನು ಕೇಳಲಿಲ್ಲ. ನನ್ನ ಫೋಟೊ ತೆಗೆದ, ಹೆಸರು ಕೇಳಿದ. "ಎಂ." ಎನ್ನಲು ಹೋಗಿ, ಪೂರ್ತಿ ಹೇಳಿದೆ. ಅವನ ಜೇಬು ಗುಂಯ್ ಎಂದಿತು.

"ಮುನಿಯಪ್ಪ ಅಪ್ರೂವ್ ಮಾಡಿದ್ರು ಸಾರ್" ಎಂದು ನಕ್ಕ.

ಮರದಡಿ ಪಾಳು ಬಿದ್ದಿರುತ್ತದೆಂದು ಹೆದರಿದ್ದೆ. ಗುಡಿಸಿ ನೀರು ಚಿಮುಕಿಸಿದ್ದಾರೆ. ಮುನಿಯಪ್ಪನ ಮುಂದೆ ದೀಪ, ತಾತನ ಮುಂದೆ ದೀಪ. ತಾತನ ಪಕ್ಕಕ್ಕೆ ಅಂಟಿಕೊಂಡಂತೆ ಮೂರನೆಯದೊಂದು ಕುಳ್ಳಗಿನ ಕಲ್ಲು, ಅದಕ್ಕೊಂದು ದೀಪ. ಕಲ್ಲಿನ ತಲೆಯ ಮೇಲೆ ಕೆಂಪು ಅಂಚಿನ ಬಟ್ಟೆಯ ತುಂಡು, ಅದರ ಕೆಳಗೆ ಕಾಸಿನಗಲ ಕುಂಕುಮ.

"ಇದು ಯಾರು ದಿಲೀಪ್?" ಗೊತ್ತಿದ್ದೂ ಕೇಳಿದೆ.

"ಅಜ್ಜಿ, ಸಾರ್." ಅವನ ದನಿ ಇನ್ನೂ ಸಣ್ಣದಾಯಿತು. "ಗಾರ್ಡನ್ ಬಾರ್ಡರ್ ಕಲ್ಲು ಒಂದು ಉಳಿದಿತ್ತು. ತಾತನ ಪಕ್ಕ ಇಟ್ಟೆ. ಗಲ್ತಿ ಆಯ್ತಾ?"

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು, ನಗುವೇ ಗೆದ್ದಿತು. "ಇಕ್ಕಿದ ಕುಂಕ್ಮ ಅಳಿಸ್ಬಾರ್ದು ದಿಲೀಪ್" ಎಂದೆ. ಇಬ್ಬರೂ ಮರದಡಿ ಕೂತು ಹಲ್ಲು ಗಟ್ಟಿ ಮಾಡಿಕೊಂಡು ತಂಬಿಟ್ಟು ಕಡಿದೆವು.

ಮನೆಗೆ ಬಂದಾಗ ಮಂಜಣ್ಣ ತಗಡು ಹಿಡಿದು ದೇವರ ಕೋಣೆಯ ಬಾಗಿಲಲ್ಲೇ ಇದ್ದರು. ಎದೆಯ ಮೇಲಿನ ಸ್ಟಿಕ್ಕರ್ ಬಿಡಿಸಿ, ಅಜ್ಜಿಯ ನಾಲ್ಕರ ಪಕ್ಕದಲ್ಲಿ ಐದನೆಯದಾಗಿ ಅಂಟಿಸಿ, ಅಂಗೈಯಿಂದ ಒತ್ತಿದೆ. ಅದರಲ್ಲಿ ನನ್ನ ಮುಖ ಕಳ್ಳನ ಮುಖದಂತೆ ಬಂದಿದೆ. ಕಳ್ಳ ಸಿಕ್ಕಿಬಿದ್ದನೆಂದು ಅಜ್ಜಿ ನಗುತ್ತಿದ್ದಾಳೆ.

"ಅಂದ್ರೆ ಈ ಬಾಗ್ಲಿಗೆ ಬಣ್ಣ ಬೇಡ್ವಾ ಸಾರ್?"

"ಹೊರಗಡೆ ಹೊಡೀರಿ ಮಂಜಣ್ಣ. ಒಳಗಡೆ ಮೇಲೆಲ್ಲ ಹಾಗೇ ಬಿಡಿ. ಜಾಗ ಬೇಕಾಗುತ್ತೆ."