ಎಡಗಡೆ ಚುಚ್ಚಿದ ಮೂಗು

ಮೂಗು ನನ್ನದು. ಅದರ ಮೇಲಿನ ಅಧಿಕಾರ ಮಾತ್ರ ಊರವರಿಗೆಲ್ಲ ಇತ್ತು. ಆ ಬೇಸಿಗೆಯನ್ನು ನೆನೆಸಿಕೊಂಡರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ಅಪ್ಪನಿಗೆ ನಾಗಪುರದಲ್ಲಿ ಕೇಂದ್ರ ಸರ್ಕಾರದ ನೌಕರಿ, ಲಕ್ಷ್ಮೀ ನಗರದಲ್ಲಿ ಬಾಡಿಗೆ ಮನೆ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದೆ. ಮೈಸೂರಿಗೆ ಹೋಗಿ ಬಂದ ಅಪ್ಪ ತಮ್ಮ ಅಮ್ಮನ ಅಪ್ಪಣೆಯನ್ನು ಹೊತ್ತು ತಂದರು. ಅಜ್ಜಿ ಬೇಸಿಗೆಗೆ ಬರುತ್ತಾಳೆ, ಅಷ್ಟರಲ್ಲಿ ಮೊಮ್ಮಗಳ ಮೂಗು ಚುಚ್ಚಿಸಿ ಗಾಯ ಒಣಗಿಸಿರಬೇಕು, ತನ್ನ ವಜ್ರದ ಮೂಗುಬೊಟ್ಟನ್ನು ತಾನೇ ಕೈಯಾರೆ ಹಾಕುತ್ತಾಳೆ. ನಿನಗೆ ಬೇಕೇನೇ ಅಂತ ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಖಂಡಿತ ಬೇಡ ಅನ್ನುತ್ತಿದ್ದೆ. ಅದಕ್ಕೇ ಕೇಳಲಿಲ್ಲವೋ ಏನೋ.

ಬಣ್ಣ ಗಾಯಕ್ಕೆ ಬೀಳಬಾರದೆಂದು ಹೋಳಿ ಕಳೆಯುವವರೆಗೆ ಕಾದು, ಅಮ್ಮ ನನ್ನನ್ನು ಸದರ್ ಪೇಟೆಯ ಒಂದು ಚಿನ್ನದಂಗಡಿಗೆ ಕರೆದುಕೊಂಡು ಹೋದಳು. ತಂತಿ ತೆಳ್ಳಗಿರಬೇಕು, ತುದಿ ಚೂಪಾಗಿರಬೇಕು, ಕೈ ತೊಳೆದುಕೊಂಡು ಬರಬೇಕು ಅಂತ ತನಗೆ ಬರುವ ಹಿಂದಿಯನ್ನೆಲ್ಲ ಖರ್ಚು ಮಾಡಿ ಹೇಳಿದಳು. ಯಾವ ಕಡೆ ಅನ್ನುವುದೊಂದನ್ನು ಹೇಳಲಿಲ್ಲ. ಅವಳು ಬೆಳೆದ ಕಡೆ ಅದನ್ನು ಬಾಯಿಬಿಟ್ಟು ಹೇಳುವ ಪ್ರಮೇಯವೇ ಇರಲಿಲ್ಲ, ನಮ್ಮ ಮನೆತನದ ಹೆಂಗಸರಿಗೆಲ್ಲ ಬಲಗಡೆ. ಅಂಗಡಿಯ ಅಕ್ಕಸಾಲಿಗನಿಗೂ ಕೇಳಬೇಕು ಅನ್ನಿಸಲಿಲ್ಲ, ಅವನು ಚುಚ್ಚಿದ ಹುಡುಗಿಯರಿಗೆಲ್ಲ ಎಡಗಡೆ. ರಕ್ತ ನೋಡಲಾಗದೆ ಅಮ್ಮ ನನ್ನ ಎರಡೂ ಕೈ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. “ಹೋ ಗಯಾ, ಬೇಟಾ” ಅಂತ ಅವನು ಅಂದಾಗ ಕಣ್ಣು ಬಿಟ್ಟಳು. ನನ್ನ ಎಡ ಮೂಗಿನಲ್ಲಿ ಸಣ್ಣ ಚಿನ್ನದ ತಂತಿ. ಅಮ್ಮನ ಮುಖ ಬಿಳಿಚಿಕೊಂಡಿತು.

ಆಟೋದಲ್ಲಿ ನನ್ನ ಕಣ್ಣೀರು ಒರೆಸುತ್ತಾ ಅಂದಳು, “ಇರ್ಲಿ ಬಿಡು ಪುಟ್ಟಿ. ಆ ಕಡೆಯಾದ್ರೇನು, ಈ ಕಡೆಯಾದ್ರೇನು. ಇನ್ನೊಂದ್ಸಲ ಚುಚ್ಚೋಕೆ ಬಿಡಲ್ಲ. ಅಜ್ಜಿಗೆ ನಾನು ಹೇಳ್ತೀನಿ.” ನಾನು ಆ ಮಾತನ್ನು ನಂಬಿದೆ.

ಚುಚ್ಚುವ ನೋವು ಒಂದು ಕ್ಷಣದ್ದು. ಆಮೇಲಿನದೇ ದೊಡ್ಡ ರಾಮಾಯಣ. ದಿನಾ ಬೆಳಿಗ್ಗೆ ಹಿತ್ತಲ ನಲ್ಲಿಯ ಹತ್ತಿರ ಅಮ್ಮ ನನ್ನನ್ನು ಮಣೆಯ ಮೇಲೆ ಕೂರಿಸುತ್ತಿದ್ದಳು. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಹತ್ತಿ ಅದ್ದಿ, ತಂತಿಯ ಸುತ್ತ ಕಟ್ಟಿದ ಹಕ್ಕಳೆ ಮೆತ್ತಗಾಗುವವರೆಗೆ ಒತ್ತಿ ಹಿಡಿಯುವುದು. ಒಣಗಿದ ಹಕ್ಕಳೆಯನ್ನು ಕಿತ್ತರೆ ಗಾಯ ಮತ್ತೆ ಹಸಿಯಾಗುತ್ತದೆ. ಆಮೇಲೆ ಕೊಬ್ಬರಿ ಎಣ್ಣೆ, ಅರಿಶಿನ. ತಲೆಯ ಮೇಲಿಂದ ಹಾಕುವ ಬಟ್ಟೆ ಬಂದ್, ಮಗ್ಗುಲಾಗಿ ಮಲಗುವುದು ಬಂದ್. ಒಂದು ಸಲ ಟವೆಲಿನ ನೂಲು ತಂತಿಗೆ ಸಿಕ್ಕಿಕೊಂಡಾಗ ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಮರಾಠಿ ಕಾಕೂ ಓಡಿ ಬಂದರು.

ಓಡಿ ಬಂದವರು ಸುಮ್ಮನೆ ವಾಪಸು ಹೋಗಲಿಲ್ಲ. ಕಿಟ್ಟ ಕಟ್ಟಿದ ಉಗುರಿನಿಂದಲೇ ತಂತಿ ತಿರುಗಿಸಿ, “ರೋಜ್ ಫಿರವಾಯಚಂ” ಅಂತ, ಅಂದರೆ ದಿನಾ ತಿರುಗಿಸಬೇಕಂತ, ಉಪದೇಶ ಮಾಡಿದರು. ಮಾರನೆಯ ದಿನಕ್ಕೆ ಕೀವು. ಅದನ್ನು ನೋಡಿದ ಇನ್ನೊಬ್ಬರು ಬದನೆಕಾಯಿ ತಿನ್ನಬೇಡ ಅಂದರು, ಮತ್ತೊಬ್ಬರು ಸುಣ್ಣ ಹಚ್ಚಿ ಅಂದರು. ಗಾಯ ಕಂಡರೆ ಸಾಕು, ಜನಕ್ಕೆ ಕೈ ತುರಿಸುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಯಾರಾದರೂ ಬೆರಳು ಮುಂದೆ ಮಾಡಿದರೆ ಕಚ್ಚಿಬಿಡೋಣ ಅನ್ನಿಸುತ್ತಿತ್ತು. ಕೊನೆಗೆ ಅಮ್ಮನೇ ಎಲ್ಲರನ್ನೂ ದೂರವಿಟ್ಟು ಮತ್ತೆ ಮೊದಲಿಂದ ಶುರು ಮಾಡಿದಳು. ಉಪ್ಪುನೀರು, ಹತ್ತಿ, ತಾಳ್ಮೆ. ಕೆಂಪು ಇಳಿಯಿತು, ಊತ ಇಳಿಯಿತು. ಹೊರಗೆ ಬಿಸಿಗಾಳಿ ಬೀಸುವ ಹೊತ್ತಿಗೆ ತಂತಿ ನೋವಿಲ್ಲದೆ ತಿರುಗುತ್ತಿತ್ತು. ಬೇಡ ಅಂದುಕೊಂಡಿದ್ದ ಆ ತೂತು ಅಷ್ಟರಲ್ಲಿ ನನಗೆ ಬೇಕಾಗಿಬಿಟ್ಟಿತ್ತು. ನಾವಿಬ್ಬರೂ ಕಷ್ಟಪಟ್ಟು ವಾಸಿ ಮಾಡಿದ್ದು ಅದು.

ಅಜ್ಜಿ ಬಂದಳು. ರೈಲಿನ ಧೂಳು ತೊಳೆದುಕೊಳ್ಳುವುದಕ್ಕೂ ಮುಂಚೆ ನನ್ನ ಗಲ್ಲ ಹಿಡಿದು ಮುಖ ಎತ್ತಿದಳು.

“ಇದೇನೇ ಇದು, ಎಡಗಡೆ! ಮಾತಂತೂ ಮರಾಠಿ ಆಯ್ತು, ಮೂಗೂ ಮರಾಠಿ ಆಯ್ತಾ?” ಅಂದು ಅಮ್ಮನ ಕಡೆ ತಿರುಗಿದಳು. “ನೀನೇನು ಕಣ್ಣು ಮುಚ್ಚಿಕೊಂಡು ಕೂತಿದ್ಯೇನೇ?”

ಕಣ್ಣು ಮುಚ್ಚಿಕೊಂಡೇ ಕೂತಿದ್ದ ಅಮ್ಮ ತಲೆ ತಗ್ಗಿಸಿದಳು. ನಾನು ಅವಳನ್ನೇ ನೋಡುತ್ತಾ ನಿಂತೆ. ಈಗ ಹೇಳ್ತಾಳೆ, ಈಗ ಹೇಳ್ತಾಳೆ. ಹೇಳಲಿಲ್ಲ. “ಕಾಫಿ ತರ್ತೀನಿ ಅತ್ತೆ” ಅಂತ ಒಳಗೆ ಹೋದಳು. ಅಪ್ಪ ಕೂಲರಿನ ಮುಂದೆ ಪೇಪರು ಹಿಡಿದು ಕೂತಿದ್ದರು. ಆ ಪೇಪರು ಒಂದಿಂಚೂ ಕೆಳಗೆ ಬರಲಿಲ್ಲ. ಕಾಫಿ ಕುಡಿಯುತ್ತಲೇ ಅಜ್ಜಿ ತೀರ್ಪು ಕೊಟ್ಟಳು. ತಂತಿ ತೆಗೆದುಬಿಡುವುದು, ಎಡಗಡೆಯದು ತಾನಾಗಿ ಮುಚ್ಚಿಕೊಳ್ಳುತ್ತೆ, ತಾನು ಇಲ್ಲಿರುವಾಗಲೇ ಬಲಗಡೆ ಚುಚ್ಚಿಸುವುದು. ನಾನು ಆಗಲ್ಲ ಅಂದೆ. “ಮೂಗಿನ ತುದೀಲೇ ಕೋಪ ನೋಡು ಇವಳಿಗೆ” ಅಂತ ನಕ್ಕಳು. ಆ ನಗು ನನಗೆ ಬೈಗುಳಕ್ಕಿಂತ ಹೆಚ್ಚು ಉರಿ ತಂದಿತು.

ಆ ರಾತ್ರಿಯಿಂದ ನಾನು ಅಮ್ಮನ ಜೊತೆ ಮಾತು ಬಿಟ್ಟೆ. ಬೆಳಿಗ್ಗೆ ಉಪ್ಪುನೀರು ಹಿಡಿದು ಕರೆದರೂ ಹೋಗಲಿಲ್ಲ. ಅವಳ ಮೇಲೆ ಬಂದಷ್ಟು ಸಿಟ್ಟು ನನಗೆ ಅಜ್ಜಿಯ ಮೇಲೂ ಬಂದಿರಲಿಲ್ಲ.

ಒಂದು ಭಾನುವಾರ ಎಣ್ಣೆಸ್ನಾನ. ಅಜ್ಜಿ ನೆತ್ತಿಗೆ ಎಣ್ಣೆ ಒತ್ತುತ್ತಾ, “ಕಣ್ಣು ಮುಚ್ಕೋ, ಎಣ್ಣೆ ಹೋಗುತ್ತೆ” ಅಂದಳು. ಮುಚ್ಚಿಕೊಂಡೆ. ಎಣ್ಣೆಗೈ ಮೂಗಿನ ಮೇಲೆ ಬಂತು, ಸುಳಕ್ಕನೆ ಏನೋ ಜಾರಿತು. ಕಣ್ಣು ಬಿಟ್ಟರೆ ತಂತಿ ಅಜ್ಜಿಯ ಅಂಗೈಯಲ್ಲಿ. “ಅಷ್ಟೇ ನೋಡು. ಇದಕ್ಕೆ ಇಷ್ಟು ರಂಪಾಟ” ಅಂತ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನಾನು ಬಚ್ಚಲಿಗೆ ನುಗ್ಗಿ ಚಿಲಕ ಹಾಕಿಕೊಂಡೆ. ಹಿಡಿಸೂಡಿಯಿಂದ ಒಂದು ಕಡ್ಡಿ ಮುರಿದು ತೂತಿಗೆ ಚುಚ್ಚಿಕೊಳ್ಳಲು ನೋಡಿದೆ. ಒಳಗೆ ಹೋಗಲಿಲ್ಲ. ರಕ್ತ ಬಂತು. ಸಿಟ್ಟಿಗೆ ಬಕೆಟ್ಟು ಒದ್ದೆ.

“ಪುಟ್ಟಿ, ಬಾಗಿಲು ತೆಗಿ.” ಅಮ್ಮನ ದನಿ.

“ನೀನು ಹೇಳ್ತೀನಿ ಅಂದಿದ್ದೆ!” ಅಂತ ಕಿರುಚಿದೆ. “ಹೇಳ್ತೀನಿ ಅಂದಿದ್ದೆ!”

ಅವಳ ಹೆಜ್ಜೆ ಸಪ್ಪಳ ಒಳಗೆ ಹೋಯಿತು. ಬಹಳ ಹೊತ್ತಿನ ಮೇಲೆ ನಾನೇ ಬಾಗಿಲು ತೆಗೆದೆ. ಅಮ್ಮ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದಳು. ಅವಳ ಮುಖ ಯಾರದೋ ಮುಖದ ಹಾಗಿತ್ತು. ಯಾಕೆ ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಮದುವೆಯಾದಾಗಿನಿಂದ ತೆಗೆಯದ, ತವರಿನ ಕೆಂಪು ಹರಳಿನ ಮೂಗುಬೊಟ್ಟು ಅವಳ ಮೂಗಿನಲ್ಲಿ ಇರಲಿಲ್ಲ. ಎಣ್ಣೆ ಬಿಟ್ಟು ತಿರುಪು ಸಡಿಲಿಸಿ ತೆಗೆದಿದ್ದಳು. ಮೂಗಿನ ಬಲಗಡೆ ಕೆಂಪಗಾಗಿತ್ತು. ನನ್ನ ರಕ್ತವನ್ನು ಉಪ್ಪುನೀರಿನಲ್ಲಿ ಒರೆಸಿ, ಬೊಟ್ಟನ್ನು ಕುದಿಯುವ ನೀರಿಗೆ ಹಾಕಿ ತೆಗೆದು, ಎಣ್ಣೆ ಸವರಿ, ನನ್ನ ಎಡ ಮೂಗಿಗೆ ಹಿಡಿದು ಒತ್ತಿದಳು. ಪ್ರಾಣ ಹೋದ ಹಾಗಾಯಿತು. ಈ ಸಲ ಅವಳು ಕಣ್ಣು ಮುಚ್ಚಲಿಲ್ಲ.

ಕೈ ಹಿಡಿದು ನನ್ನನ್ನು ಹಾಲಿಗೆ ಕರೆದುಕೊಂಡು ಹೋದಳು. ಅಜ್ಜಿ ನನ್ನ ಮೂಗು ನೋಡಿದಳು, ಆಮೇಲೆ ಸೊಸೆಯ ಮೂಗು.

“ಮುತ್ತೈದೆ ನೀನು! ಬೋಳುಮೂಗಲ್ಲಿ ನಿಂತಿದ್ದೀಯಲ್ಲೇ!”

“ಬಲಗಡೆ ತೂತೇ ಬೇಕು ಅಂದ್ರಲ್ಲ ಅತ್ತೆ” ಅಂದಳು ಅಮ್ಮ. “ನಂದು ಖಾಲಿ ಇದೆ. ನಿಮ್ಮ ವಜ್ರ ಅದಕ್ಕೆ ಹಾಕಿ. ನನ್ನ ಮಗಳ ಮೂಗು ಮುಟ್ಟಬೇಡಿ.”

ಅಪ್ಪನ ಪೇಪರು ಕೆಳಗಿಳಿದಿತ್ತು. “ಏನೇ ಇದು...” ಅಂತ ಶುರು ಮಾಡಿದವರು ಅಮ್ಮನ ಮುಖ ನೋಡಿ ನಿಲ್ಲಿಸಿದರು.

ಅಜ್ಜಿ ವಜ್ರವನ್ನು ವಾಪಸು ಮೈಸೂರಿಗೆ ತೆಗೆದುಕೊಂಡು ಹೋದಳು. ಅದು ಯಾರ ಪಾಲಾಯಿತೋ ನಾನು ವಿಚಾರಿಸಲಿಲ್ಲ. ಮೂಗಿಗಿಂತ ಮೂಗುತಿ ಭಾರ ಆಗಬಾರದು. ನನ್ನ ಗಾಯ ಮತ್ತೆ ಹಸಿಯಾಗಿತ್ತು, ಮಾರನೆಯ ಬೆಳಿಗ್ಗೆ ಅಮ್ಮ ಕರೆಯುವ ಮುಂಚೆಯೇ ನಾನು ಹೋಗಿ ಮಣೆಯ ಮೇಲೆ ಕೂತೆ. ಅಮ್ಮ ಹತ್ತಿ ಹಿಡಿದು ಬಂದಳು.

ಅವಳು ಇನ್ನೊಂದು ಮೂಗುಬೊಟ್ಟು ಮಾಡಿಸಿಕೊಳ್ಳಲಿಲ್ಲ. ಅವಳ ತೂತು ಮೆಲ್ಲಗೆ ಮುಚ್ಚಿಕೊಂಡಿತು. ಅದಕ್ಕೆ ಯಾರೂ ಎಣ್ಣೆ ಹಚ್ಚಲಿಲ್ಲ.