ಸೋರೆಕಾಯಿ ಪೆಟ್ಟಿಗೆಯ ಮೇಲಿನ ಅಕ್ಷರ

ಚೀನೀ ಭಾಷೆಯ ಪರೀಕ್ಷೆಗೆ ತಂಗಿಯನ್ನು ದುಬೈಗೆ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದೆ. ಆ ಬೆಳಿಗ್ಗೆ ನಾನು ಹೋಗಲಿಲ್ಲ. ಫೋನನ್ನೂ ಎತ್ತಲಿಲ್ಲ. ಅವಳು ಬಸ್ಸು ಹಿಡಿದು ತಲುಪುವಷ್ಟರಲ್ಲಿ ಪರೀಕ್ಷೆಯ ಬಾಗಿಲು ಮುಚ್ಚಿತ್ತು.

ಇಷ್ಟಕ್ಕೆಲ್ಲ ಕಾರಣ ಒಂದು ಕಾಯಿ.

ಅಬುಧಾಬಿಯ ಅಲ್ ಮೀನಾ ಮಾರ್ಕೆಟ್ಟಿನ ತರಕಾರಿ ಅಂಗಡಿಯಲ್ಲಿ ನನ್ನ ಕೆಲಸ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು; ಇಂಗ್ಲಿಷು, ಅರಬ್ಬಿ ಓದಲು ಬಾರದು. ಹಾಗಾಗಿ ಪೆಟ್ಟಿಗೆಗಳ ಮೇಲೆ ಮಾರ್ಕರಿನಿಂದ ಚಿತ್ರ ಬಿಡಿಸುತ್ತೇನೆ. ಬದನೆಗೆ ಟೊಪ್ಪಿ, ಮೆಣಸಿಗೆ ಕೊಕ್ಕೆ.

ತಂಗಿ ಹೋಟೆಲಿನ ರಿಸೆಪ್ಷನಿನಲ್ಲಿದ್ದಾಳೆ. ಚೀನೀ ಪರೀಕ್ಷೆ ಪಾಸಾದರೆ ಅವಳಿಗೆ ಬಡ್ತಿ. ಒಂದು ಭಾನುವಾರ ಅಂಗಡಿಗೆ ಬಂದವಳು ನನ್ನ ಮಾರ್ಕರ್ ಕಿತ್ತುಕೊಂಡು ಖಾಲಿ ಪೆಟ್ಟಿಗೆಯ ಮೇಲೆ 瓜 ಎಂಬ ಚೀನೀ ಅಕ್ಷರ ಬರೆದಳು.

“ಇದೆಂತ, ಕಾಗೆ ಕಾಲಾ?” ಎಂದೆ.

“ಬಳ್ಳಿ ಮಾರಾಯ! ಎರಡು ಬದಿ ಬಳ್ಳಿ, ನಡುವೆ ನೇತಾಡುವ ಕಾಯಿ. ಹಿಂದೆಲ್ಲ ಕಾಯಿಯನ್ನು ದುಂಡಗೇ ಬರೀತಿದ್ರಂತೆ. ಕುಂಬಳ, ಸೌತೆ, ಕಲ್ಲಂಗಡಿ, ಎಲ್ಲದರ ಹೆಸರಲ್ಲೂ ಇದುಂಟು. ಹಾಗಲಕ್ಕೆ ಕಹಿಕಾಯಿ ಅಂತ ಬರೀತಾರೆ.”

“ಹಾಗಾದ್ರೆ ನಿನ್ನ ಅತ್ತೆಯನ್ನೂ ಅದರಲ್ಲೇ ಬರೀಬಹುದಾ?”

ಅಂಗಡಿಯಲ್ಲಿದ್ದ ನಮ್ಮ ಊರಿನವರಿಬ್ಬರು ನಕ್ಕರು. ಅವಳೂ ನಕ್ಕಳು. “ಇದನ್ನು ಮೊದಲು ಬರೆದವನು ನಿನ್ನ ಹಾಗೇ ಇದ್ದಿರಬೇಕು ಅಣ್ಣ. ಓದಲಿಕ್ಕೆ ಬರುವುದಿಲ್ಲ, ಕಂಡದ್ದನ್ನು ಬರೆದ.”

ಈಗ ಅವರಿಬ್ಬರು ನನ್ನನ್ನು ನೋಡಿ ಇನ್ನೂ ಜೋರಾಗಿ ನಕ್ಕರು. ಅವಳ ಅತ್ತೆಯನ್ನು ಹಾಗಲಕಾಯಿ ಮಾಡಿದ್ದು ತಮಾಷೆ, ನನಗೆ ಓದು ಬಾರದೆಂದದ್ದು ಅವಮಾನ! ನನ್ನ ತಕ್ಕಡಿ ಹಾಗಿತ್ತು. ಮೂರನೇ ದಿನ ಪರೀಕ್ಷೆ. ನಾನು ಮುಸುಕು ಹೊದ್ದು ಮಲಗಿದೆ.

ಆಮೇಲೆ ಒಂದು ತಿಂಗಳು ಅವಳು ಅಂಗಡಿಯ ಕಡೆ ಬರಲಿಲ್ಲ. ಜಗಳಕ್ಕಾದರೂ ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೊನ್ನೆ ಸೋರೆಕಾಯಿ ಪೆಟ್ಟಿಗೆಗೆ ಗುರುತು ಹಾಕುತ್ತಿದ್ದೆ. ಈಚೆಗೊಂದು ಬಳ್ಳಿ, ಆಚೆಗೊಂದು ಬಳ್ಳಿ, ನಡುವೆ ಕಾಯಿ. ಕೈ ಅಲ್ಲೇ ನಿಂತಿತು. ಎಷ್ಟೋ ವರ್ಷಗಳಿಂದ ನಾನು ಬರೆಯುತ್ತಿದ್ದದ್ದು ಇದನ್ನೇ. ಅಕ್ಷರ ಹುಟ್ಟಿಸಿದವನ ಪಕ್ಕದಲ್ಲಿ ಅವಳು ನನ್ನನ್ನು ಕೂರಿಸಿದ್ದಳು. ನಾನು ಅದನ್ನು ಬೈಗುಳ ಎಂದುಕೊಂಡೆ.

ಫೋನು ಮಾಡಿ ಸ್ಪೀಕರಿಗೆ ಹಾಕಿದೆ, ಅಂದು ನಕ್ಕ ಇಬ್ಬರಿಗೂ ಕೇಳಲಿ ಎಂದು.

“ಎಂತ, ಕಹಿಕಾಯಿ?” ಎಂದಳು.

“ತಪ್ಪಾಯಿತು ತಂಗಿ,” ಎಂದೆ. “ಅವತ್ತು ಬೇಕೆಂದೇ ಫೋನೆತ್ತಲಿಲ್ಲ. ನಿನ್ನ ಪರೀಕ್ಷೆ ಹಾಳು ಮಾಡಿದ್ದು ನಾನೇ. ನನ್ನನ್ನು ಕ್ಷಮಿಸು.”